ಮೈಸೂರಿನ ಗಲ್ಲಿಗಳ ಕಾಫಿ ಹೋಟೆಲು

ಮಡಿಕೇರಿಯಿಂದ ಇಳಿದು ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರುಗಳನ್ನು ಹಾದು ಮೈಸೂರನ್ನು ಸೇರುವ ರಸ್ತೆಯು ಈ ನಗರಕ್ಕೆ ಕಾಲಕಾಲಕ್ಕೆ ಅನೇಕ ವಸ್ತುಗಳನ್ನು ತಂದುಕೊಟ್ಟಿದೆ. ಮರದ ದಿಮ್ಮಿ, ಏಲಕ್ಕಿ, ಜೇನು, ಕಿತ್ತಳೆಗಳೆಲ್ಲ ಈ ದಾರಿಯಲ್ಲಿಯೇ ಬಂದವು. ಆದರೆ ನಗರದ ದಿನಚರಿಯನ್ನೇ ಮಾರ್ಪಡಿಸಿದ್ದು ಎರಡು: ಕೊಡಗಿನ ಕಾಫಿಯ ಬೀಜ ಮೊದಲನೆಯದು, ಸಂಪಾಜೆಯ ಘಟ್ಟವನ್ನೇರಿ ಇದೇ ದಾರಿಯಿಂದಲೋ, ಉತ್ತರದ ಚಾರ್ಮಾಡಿ, ಆಗುಂಬೆಗಳನ್ನು ಹತ್ತಿ ಇನ್ನೊಂದು ದಾರಿಯಿಂದಲೋ, ಬಟ್ಟೆಯ ಗಂಟೊಂದನ್ನು ಕಂಕುಳಲ್ಲಿಟ್ಟುಕೊಂಡು ಬಂದ ದಕ್ಷಿಣ ಕನ್ನಡದ ಬಡ ಹುಡುಗರ ವಲಸೆ ಎರಡನೆಯದು. ಬೀಜ ಬಂದು ಬಹುಕಾಲವಾದ ಮೇಲೆ ಹುಡುಗರು ಬಂದರು. ಇವೆರಡೂ ಅಗ್ರಹಾರದ ಮೂಲೆಯಲ್ಲಿ, ಮಾರುಕಟ್ಟೆಯ ಬೆನ್ನಿನಲ್ಲಿ, ರೈಲ್ವೆ ನಿಲ್ದಾಣದ ಎದುರಿನಲ್ಲಿ ಒಂದನ್ನೊಂದು ಸಂಧಿಸಿದಾಗ ಹುಟ್ಟಿದ್ದೇ ಮೈಸೂರಿನ ಕಾಫಿ ಹೋಟೆಲು. ಅರಮನೆಯ ಚರಿತ್ರೆಯನ್ನು ಬರೆದವರುಂಟು, ದಸರೆಯನ್ನು ವರ್ಣಿಸಿದವರುಂಟು. ಈ ಹೋಟೆಲುಗಳ ಚರಿತ್ರೆಯಾದರೋ ಹೋಟೆಲುಗಳ ಗೋಡೆಗಳಲ್ಲಿಯೂ ಮುದುಕರ ನೆನಪಿನಲ್ಲಿಯೂ ಉಳಿದಿದೆಯೇ ಹೊರತು ಗ್ರಂಥಸ್ಥವಾದದ್ದು ಅತ್ಯಲ್ಪ. ಹೆಸರಾಂತ ದೋಸೆಯ ಹೋಟೆಲುಗಳನ್ನು ಹುಡುಕಿಕೊಂಡು ಪರಸ್ಥಳದವರು ತಾವಾಗಿಯೇ ಬರುತ್ತಾರೆ. ನಾನು ಇಲ್ಲಿ ಹೇಳಹೊರಟಿರುವುದು ಅವುಗಳ ವಿಷಯವನ್ನಲ್ಲ, ಆಯಾ ಬೀದಿಯವರಿಗಲ್ಲದೆ ಪಕ್ಕದ ಬೀದಿಯವರಿಗೂ ಪರಿಚಯವಿಲ್ಲದ ಸಣ್ಣ ಹೋಟೆಲುಗಳ ವಿಷಯವನ್ನು.

ಬೀಜದ ಕಥೆ ಎಲ್ಲರೂ ಬಲ್ಲದ್ದೇ. ಯೆಮನ್ ದೇಶದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದ ಬಾಬಾ ಬುಡನ್ ಅವರ ಐತಿಹ್ಯವನ್ನು ಮಲೆನಾಡಿನವರು ಇಂದಿಗೂ ಭಕ್ತಿಯಿಂದಲೇ ಹೇಳುತ್ತಾರೆ. ಆದರೆ ಕಾಫಿ ವ್ಯಾಪಾರದ ಬೆಳೆಯಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಕೊಡಗಿನಲ್ಲಿ 1854ರಲ್ಲಿ ಫೌಲರ್ ಎಂಬ ಆಂಗ್ಲರು ಮಡಿಕೇರಿಯ ಬಳಿ ತೋಟವನ್ನು ಹಾಕಿದರು. ಅದಾದ ಒಂದೆರಡು ವರ್ಷಗಳಲ್ಲಿಯೇ ಮಂಜರಾಬಾದಿಗೆ ಬಂದು ನೆಲೆಸಿದ ರಾಬರ್ಟ್ ಎಲಿಯಟ್ಟರು ಮುಂದೆ 1894ರಲ್ಲಿ ಮೈಸೂರಿನ ಕಾಫಿ ಬೇಸಾಯವನ್ನೂ ಬೇಟೆಯನ್ನೂ ಚಿನ್ನದ ಗಣಿಗಳನ್ನೂ ಕುರಿತು ದೊಡ್ಡ ಪುಸ್ತಕವೊಂದನ್ನೇ ಬರೆದರು. ಬೆಟ್ಟದಿಂದಿಳಿದ ಬೀಜವನ್ನು ಹದಗೊಳಿಸುವ ಕಾರ್ಖಾನೆಗಳು ಹುಣಸೂರಿನಲ್ಲಿ ನಡೆದವು; ಆದರೆ ಅಲ್ಲಿ ಒಣಗಿ, ಹೊಟ್ಟು ಕಳಚಿಕೊಂಡು, ಗಾತ್ರಕ್ಕೆ ತಕ್ಕಂತೆ ವಿಂಗಡವಾದ ಕಾಳು ಮೈಸೂರಿನ ಮನೆಗಳಿಗೆ ಬರಲಿಲ್ಲ. ಅದರ ದಾರಿ ಬಂದರಿಗೆ, ಬಂದರಿನಿಂದ ಲಂಡನ್ನಿಗೆ. ಒಡೆದದ್ದು, ಕಪ್ಪಿಟ್ಟದ್ದು, ಪರೀಕ್ಷೆಯಲ್ಲಿ ಹಿಂದುಳಿದದ್ದು ಮಾತ್ರ ನಾಡಿನಲ್ಲಿ ಉಳಿಯಿತು. ಬೆಳೆದವರ ನಾಡು ತನ್ನ ಬೆಳೆಯ ರುಚಿಯನ್ನು ಅದರ ಶೇಷಭಾಗದಿಂದಲೇ ಕಲಿತುಕೊಂಡಿತೆಂಬುದನ್ನು ನೆನೆದರೆ ಮನಸ್ಸಿಗೆ ಖೇದವಾಗುತ್ತದೆ.

ಕಾಫಿಗಿಂತ ಮೊದಲು ಬೆಳಗಿನ ಆಹಾರವೆಂದರೆ ಬಯಲುಸೀಮೆಯ ಒಕ್ಕಲಿಗನಿಗೆ ರಾಗಿಯ ಅಂಬಲಿ, ಬಡವನಿಗೆ ತಂಗಳು, ಅಗ್ರಹಾರದವನಿಗೆ ಸ್ನಾನಸಂಧ್ಯೆಗಳು ಮುಗಿಯುವ ತನಕ ಏನೂ ಇಲ್ಲ. ಈ ವ್ಯವಸ್ಥೆ ಕದಲಬೇಕಾದರೆ ಗಡಿಯಾರ ಬರಬೇಕಾಯಿತು. 1882ರ ಹೊತ್ತಿಗೆ ಬೆಂಗಳೂರಿನಿಂದ ಮೈಸೂರಿಗೆ ರೈಲು ಬಂದಿತು; 1886ರಲ್ಲಿ ಚಿಕ್ಕಗಡಿಯಾರದ ಗೋಪುರವು ಎದ್ದು ನಿಂತಿತು; 1908ರಲ್ಲಿ ಶಿವನಸಮುದ್ರದ ವಿದ್ಯುತ್ತು ನಗರದ ಬೀದಿಗಳನ್ನು ಬೆಳಗಿತು; 1916ರಲ್ಲಿ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು; ರೇಷ್ಮೆ ಕಾರ್ಖಾನೆ, ಗಂಧದೆಣ್ಣೆ ಕಾರ್ಖಾನೆ, ಹತ್ತಿಯ ಗಿರಣಿಗಳು ಒಂದಾದ ಮೇಲೊಂದರಂತೆ ತೆರೆದವು. ಗುಮಾಸ್ತನಿಗೆ ಕಚೇರಿಯ ವೇಳೆ, ವಿದ್ಯಾರ್ಥಿಗೆ ತರಗತಿಯ ವೇಳೆ, ಕೂಲಿಕಾರನಿಗೆ ಗಿರಣಿಯ ಕೂಗಿನ ವೇಳೆ ನಿಗದಿಯಾದಾಗ, ಬೇಗ ಸಿದ್ಧವಾಗಿ ಬೇಗ ಮುಗಿಯುವ ಬಿಸಿಯ ಪಾನೀಯವೊಂದರ ಅವಶ್ಯಕತೆ ತಾನಾಗಿಯೇ ಒದಗಿಬಂದಿತು. 1901ರಲ್ಲಿ ಸುಮಾರು 68,000 ಇದ್ದ ನಗರದ ಜನಸಂಖ್ಯೆಯು 1941ರ ಹೊತ್ತಿಗೆ ಒಂದೂವರೆ ಲಕ್ಷವನ್ನು ಮುಟ್ಟಿತು. ಹೀಗೆ ಸೇರಿದ ಹೊಸಬರಲ್ಲಿ ಸಂಸಾರವನ್ನು ಹಳ್ಳಿಯಲ್ಲಿ ಬಿಟ್ಟು ಒಂಟಿಯಾಗಿ ಕೋಣೆ ಹಿಡಿದವರು, ವಾರಾನ್ನದಿಂದ ಓದುತ್ತಿದ್ದ ಬಾಲಕರು, ಆಸ್ಪತ್ರೆಗೂ ನ್ಯಾಯಾಲಯಕ್ಕೂ ಬಂದು ದಿನ ಕಳೆಯಬೇಕಾದ ರೈತರು ಎಷ್ಟೋ ಮಂದಿ. ಅವರಿಗೆ ಮನೆಯ ಅಡಿಗೆಯೂ ಇಲ್ಲ, ಛತ್ರದ ಊಟವೂ ಎಲ್ಲ ಹೊತ್ತಿಗೆ ದೊರಕುವಂತಹುದಲ್ಲ.

ಹಿರಿಯರು ಕಾಫಿಯನ್ನು ಮೊದಮೊದಲು ದುರಭ್ಯಾಸವೆಂದೇ ಎಣಿಸಿದರು. ಅದು ಮ್ಲೇಚ್ಛರ ಪಾನವೆಂದೂ, ದೇಹಕ್ಕೆ ಉಷ್ಣವೆಂದೂ, ಮಜ್ಜಿಗೆಯನ್ನು ಮನೆಯಿಂದ ಓಡಿಸುವ ಮಾರಿಯೆಂದೂ ನಿಂದಿಸಿದರು. ಆದರೂ ಅದು ಒಳಕ್ಕೆ ಬಂದೇಬಂದಿತು. ಬಂದದ್ದಲ್ಲದೆ, ಏಕಾದಶಿಯಲ್ಲಿಯೂ ಸೇವಿಸಬಹುದಾದ ವಸ್ತುಗಳ ಸಾಲಿನಲ್ಲಿ ಸ್ಥಾನವನ್ನು ಸಂಪಾದಿಸಿಕೊಂಡಿತು. ಅನ್ನವಲ್ಲದ್ದರಿಂದ ಅದಕ್ಕೆ ಉಪವಾಸದ ನಿಷೇಧವಿಲ್ಲವೆಂಬ ಸಮಾಧಾನ ಎಷ್ಟೋ ಮನೆಗಳಲ್ಲಿ ಸಿದ್ಧವಾಗಿತ್ತು. ಮನೆಯಲ್ಲಿ ಹೀಗೆ ಒಪ್ಪಿತವಾದ ಕಾಫಿಯನ್ನು ಬೀದಿಯಲ್ಲಿ ಕುಡಿಯಬಹುದೇ ಎಂಬುದು ಬೇರೆಯ ಪ್ರಶ್ನೆ. ಯಾರು ಕಾಯಿಸಿದರು, ನೀರನ್ನು ಯಾರು ತಂದರು, ಪಕ್ಕದಲ್ಲಿ ಕುಳಿತವನು ಯಾರು ಎಂಬ ಮೂರು ಸಂಶಯಗಳನ್ನು ಪರಿಹರಿಸದೆ ಆ ಕಾಲದ ಸಂಪ್ರದಾಯಸ್ಥನನ್ನು ಹೋಟೆಲಿನ ಹೊಸ್ತಿಲು ದಾಟಿಸುವುದು ಸಾಧ್ಯವಿರಲಿಲ್ಲ.

ಕರಾವಳಿಯ ಹುಡುಗರಿಗೆ ಅವಕಾಶ ದೊರೆತದ್ದು ಇಲ್ಲಿಯೇ. ಉಡುಪಿ, ಕೋಟ, ಕುಂದಾಪುರಗಳ ಸುತ್ತಣ ಹಳ್ಳಿಗಳಲ್ಲಿ ಮಠದ ಅಡಿಗೆಯನ್ನೂ ದೇವಸ್ಥಾನದ ಸಮಾರಾಧನೆಯನ್ನೂ ನೋಡಿ ಬೆಳೆದ ಬ್ರಾಹ್ಮಣ ಬಾಲಕರಿಗೆ ನೂರು ಜನಕ್ಕೆ ಬಡಿಸುವುದು ಹೊಸದಲ್ಲ. ಆದರೆ ಅವರ ಮನೆಗಳಲ್ಲಿ ಭೂಮಿ ಕಡಿಮೆ, ಮಕ್ಕಳು ಹೆಚ್ಚು. ಅದರ ಮೇಲೆ 1923ರ ಮಹಾನೆರೆಯು ದಕ್ಷಿಣ ಕನ್ನಡವನ್ನು ಮುಳುಗಿಸಿ ಅನೇಕರ ಬದುಕನ್ನು ಕಿತ್ತುಹಾಕಿತು. ಕೋಟದ ಬಳಿಯ ಪಾರಂಪಳ್ಳಿಯಿಂದ ಬೆಂಗಳೂರಿಗೆ ಬಂದ ಮಯ್ಯ ಸಹೋದರರು 1924ರಲ್ಲಿ ತೆರೆದ ಬ್ರಾಹ್ಮಣರ ಕಾಫಿ ಕ್ಲಬ್ಬು ಮುಂದೆ ಮಾವಳ್ಳಿ ಟಿಫನ್ ರೂಮ್ ಎಂದು ಪ್ರಸಿದ್ಧವಾದುದನ್ನು ಬಲ್ಲವರು ಬಹಳ. ಅದೇ ಕೋಟದವರಾದ ಶಿವರಾಮ ಕಾರಂತರು ‘ಮರಳಿ ಮಣ್ಣಿಗೆ’ ಕಾದಂಬರಿಯಲ್ಲಿ ಊರನ್ನು ಬಿಟ್ಟು ಬೆಂಗಳೂರಿನಲ್ಲಿ ಹೋಟೆಲು ನಡೆಸಿ ಹಣ ಮಾಡಿಕೊಳ್ಳುವವರ ಕಥೆಯನ್ನು ಸೇರಿಸಿದ್ದು ಕಲ್ಪನೆಯ ಬೆಡಗಿಗಾಗಿ ಅಲ್ಲ. ಅವರ ಕಣ್ಣಮುಂದೆಯೇ ಮನೆಮನೆಯಿಂದ ಒಬ್ಬೊಬ್ಬ ಹುಡುಗ ಘಟ್ಟವನ್ನು ಹತ್ತುತ್ತಿದ್ದನು. ಹೀಗೆ ಹತ್ತಿದವರಲ್ಲಿ ಕೆಲವರು ಬೆಂಗಳೂರನ್ನೂ ಮದರಾಸನ್ನೂ ಮುಂಬಯಿಯನ್ನೂ ಸೇರಿ ದೊಡ್ಡ ಹೋಟೆಲುಗಳ ಒಡೆಯರಾದರು. ಹೆಚ್ಚಿನವರು ಮೈಸೂರಿನಂತಹ ಮಧ್ಯಮ ಪ್ರಮಾಣದ ಊರುಗಳಲ್ಲಿ, ನಾಲ್ಕು ಮೇಜುಗಳ, ಒಂದು ಒಲೆಯ ಅಂಗಡಿಗಳನ್ನಿಟ್ಟು ಅಲ್ಲಿಯೇ ಮುಪ್ಪಾದರು. ಚರಿತ್ರೆಯು ಮೊದಲಿನವರ ಹೆಸರುಗಳನ್ನು ಉಳಿಸಿಕೊಂಡಿತು.

ಆ ಹುಡುಗನ ಜೀವನವನ್ನು ಸ್ವಲ್ಪ ಸಮೀಪದಿಂದ ನೋಡಬೇಕು. ಊರಿನವರೊಬ್ಬರ ಪರಿಚಯದ ಮೇಲೆ ಬಂದ ಹತ್ತು ಹನ್ನೆರಡು ವರ್ಷದ ಮಾಣಿಗೆ ಮೊದಲ ಕೆಲಸ ಲೋಟ ತೊಳೆಯುವುದು. ಬೂದಿ, ಹುಣಿಸೆಹಣ್ಣು, ತೆಂಗಿನ ನಾರುಗಳಿಂದ ಹಿತ್ತಾಳೆಯನ್ನು ಉಜ್ಜಿ ಉಜ್ಜಿ ಬೆರಳಿನ ಸಂದುಗಳು ಬಿರಿಯುತ್ತಿದ್ದವು. ಅದಾದ ಮೇಲೆ ಮೇಜು ಒರೆಸುವುದು. ಆಮೇಲೆ ನೀರು ಕೊಡುವುದು. ತಿಂಡಿಯ ಹೆಸರುಗಳನ್ನು ಒಂದೇ ಉಸಿರಿನಲ್ಲಿ ರಾಗವಾಗಿ ಹೇಳುವುದನ್ನು ಕಲಿತ ದಿನ ಅವನು ಸಪ್ಲೈಯರ್. ಎಡಗೈಯ ತೋಳಿನುದ್ದಕ್ಕೂ ತಟ್ಟೆಗಳನ್ನು ಜೋಡಿಸಿಕೊಂಡು, ಬಲಗೈಯ ಬೆರಳುಗಳಲ್ಲಿ ನಾಲ್ಕು ಲೋಟಗಳನ್ನು ಸಿಕ್ಕಿಸಿಕೊಂಡು, ಯಾವ ಮೇಜಿನವರು ಏನನ್ನು ತಿಂದರೆಂಬುದನ್ನು ಬರೆದಿಟ್ಟುಕೊಳ್ಳದೆ ಗಲ್ಲಾಕ್ಕೆ ಕೂಗಿ ಹೇಳುವ ಆ ಸ್ಮರಣಶಕ್ತಿಯನ್ನು ಯಾವ ಪಾಠಶಾಲೆಯೂ ಅವನಿಗೆ ಕಲಿಸಿದ್ದಲ್ಲ. ಒಲೆಯ ಬಳಿಗೆ ಹೋಗುವ ಯೋಗ್ಯತೆ ಬರಲು ಇನ್ನೂ ಕೆಲವು ವರ್ಷಗಳು ಬೇಕು. ಕಾಫಿಯ ಒಲೆ ಎಲ್ಲಕ್ಕಿಂತ ಕೊನೆಯ ಮೆಟ್ಟಿಲು, ಏಕೆಂದರೆ ಇಡ್ಲಿ ಒಂದು ದಿನ ಗಟ್ಟಿಯಾದರೆ ಗಿರಾಕಿ ಕ್ಷಮಿಸುತ್ತಾನೆ, ಕಾಫಿ ಕೆಟ್ಟರೆ ಮರುದಿನ ಎದುರುಗಡೆಯ ಹೋಟೆಲಿಗೆ ಹೋಗುತ್ತಾನೆ. ರಾತ್ರಿ ಬಾಗಿಲು ಹಾಕಿದ ಮೇಲೆ ಅದೇ ಮೇಜುಗಳನ್ನು ಜೋಡಿಸಿ ಅವುಗಳ ಮೇಲೆಯೇ ಮಲಗುವುದು. ಬೆಳಗಿನ ಝಾವ ನಾಲ್ಕಕ್ಕೆ ಏಳುವುದು. ಮೊದಲ ಒಂದೆರಡು ವರ್ಷ ಊಟ, ಬಟ್ಟೆಗಳೇ ಸಂಬಳ. ದಯಾಳುವಾದ ಯಜಮಾನನು ಹುಡುಗನನ್ನು ಶಾಲೆಗೆ ಕಳುಹಿಸಿ ಓದಿಸಿದ ಉದಾಹರಣೆಗಳಿವೆ. ಮುಂಬಯಿಯಲ್ಲಂತೂ ಹೋಟೆಲಿನ ಹುಡುಗರಿಗಾಗಿಯೇ ಕನ್ನಡದ ರಾತ್ರಿಶಾಲೆಗಳು ನಡೆದವು. ಆದರೆ ಒಂದು ಇಡೀ ಪೀಳಿಗೆಯ ಬಾಲ್ಯವು ನಮ್ಮ ನಾಲಗೆಯ ರುಚಿಗಾಗಿ ವ್ಯಯವಾಯಿತೆಂಬ ಮಾತನ್ನು ಆ ದಯೆ ಅಳಿಸಲಾರದು. ಹೋಟೆಲುಗಳಲ್ಲಿ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ದುಡಿಸಕೂಡದೆಂಬ ನಿಷೇಧವು ಜಾರಿಗೆ ಬಂದದ್ದು 2006ರ ಅಕ್ಟೋಬರಿನಲ್ಲಿ, ಮಾಣಿಗಳ ಕಾಲ ಬಹುಮಟ್ಟಿಗೆ ಮುಗಿಯುತ್ತ ಬಂದ ಮೇಲೆ.

ಇನ್ನು ಗಿರಾಕಿಗಳ ವಿಷಯ. ಹಳೆಯ ಹೋಟೆಲಿನ ಕಟ್ಟಡವನ್ನು ಗಮನವಿಟ್ಟು ನೋಡಿದರೆ ಒಳಗೊಂದು ಅಂಕಣ, ಹೊರಗೊಂದು ಹಜಾರ, ಅದಕ್ಕೂ ಹೊರಗೆ ಜಗುಲಿಯ ಮೇಲೊಂದು ಬೆಂಚು, ಪಕ್ಕದ ಓಣಿಗೆ ತೆರೆಯುವ ಸಣ್ಣದೊಂದು ಕಿಟಕಿ ಕಾಣುವುದುಂಟು. ಇಂದು ಇವು ಕೇವಲ ಸ್ಥಳದ ಅನುಕೂಲವೆಂದು ತೋರುತ್ತವೆ. ಒಂದು ಕಾಲಕ್ಕೆ ಒಳ ಅಂಕಣವು ಬ್ರಾಹ್ಮಣರದು, ಹಜಾರವು ಉಳಿದ ಸವರ್ಣೀಯರದು. ಬೀದಿಯಲ್ಲಿ ನಿಂತವರಿಗೆ, ಅವರ ಜಾತಿಯನ್ನರಿತು, ಬೇರೆಯ ಲೋಟದಲ್ಲಿಯೋ ತೆಂಗಿನ ಕರಟದಲ್ಲಿಯೋ ಎತ್ತರದಿಂದ ಹೊಯ್ಯುತ್ತಿದ್ದರು. ಲೋಟ ಡಬರಿಗಳ ಹೊರಬಾಗಿದ ಅಂಚು ಕೂಡ ಎಂಜಲಿನ ನಿಯಮಕ್ಕೆ ಹೊಂದಿಕೊಂಡುದೇ. ತುಟಿಗೆ ತಾಗಿಸದೆ ಎತ್ತಿ ಕುಡಿಯುವವನಿಗೆ ಧಾರೆಯು ಚೆದರದಂತೆ ಆ ಅಂಚು ಸಹಾಯ ಮಾಡುತ್ತದೆ. ಹೋಟೆಲು ಎಲ್ಲರನ್ನೂ ಒಂದೆಡೆ ಕೂಡಿಸಿತೆಂದು ಹೊಗಳುವವರು ಈ ಮೊದಲ ಅಧ್ಯಾಯವನ್ನು ಮರೆಯುತ್ತಾರೆ. ಅದು ಜಾತಿಯ ಕಟ್ಟಿನಲ್ಲಿಯೇ ಹುಟ್ಟಿತು; ಹೆಸರುಹಲಗೆಯ ಮೇಲೆಯೇ ಜಾತಿಯನ್ನು ಬರೆದುಕೊಂಡಿತು.

ಆದರೂ ಆ ಕಟ್ಟಿಗೆ ಮೊದಲ ಸಡಿಲು ಬಂದದ್ದು ಹೋಟೆಲಿನೊಳಗಿಂದಲೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ದೊಡ್ಡ ಹೋಟೆಲಿಗೆ ಎರಡು ಅಂಕಣಗಳನ್ನು ಇಟ್ಟುಕೊಳ್ಳುವ ಶಕ್ತಿಯಿತ್ತು. ನಾಲ್ಕು ಮೇಜುಗಳ ಯಜಮಾನನಿಗೆ ಅದು ದುಬಾರಿ. ಒಳಗೆ ಸ್ಥಳವಿರುವಾಗ ಹೊರಗೆ ಗಿರಾಕಿಯನ್ನು ನಿಲ್ಲಿಸಿದರೆ ದಿನದ ಹಾಲಿನ ಲೆಕ್ಕ ಹೊಂದದು. ಕಾಲೇಜಿನ ಹುಡುಗರು ಗುಂಪಾಗಿ ಬಂದು ಕುಳಿತಾಗ ಯಾರ ಜನಿವಾರವನ್ನು ಯಾರು ಹುಡುಕಬೇಕು? ಹೀಗೆ ಒಳ ಅಂಕಣ ಹಜಾರಗಳ ನಡುವಣ ತಡಿಕೆ ಸಣ್ಣ ಹೋಟೆಲುಗಳಲ್ಲಿ ಸದ್ದಿಲ್ಲದೆ ಬಿದ್ದುಹೋಯಿತು. ಆದರೆ ವ್ಯಾಪಾರದ ಅನುಕೂಲವು ದಾಟಿಸಿದ್ದು ಇಷ್ಟು ದೂರ ಮಾತ್ರ. ಬೀದಿಯಲ್ಲಿ ನಿಂತವನನ್ನು ಅದು ಒಳಗೆ ಕರೆಯಲಿಲ್ಲ. ಅದಕ್ಕೆ ಸಂವಿಧಾನದ 15 ಮತ್ತು 17ನೆಯ ವಿಧಿಗಳು ಬೇಕಾದವು, 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಬೇಕಾಯಿತು. ಕಾಯಿದೆ ಬಂದ ಮೇಲೂ ಹಳ್ಳಿಯ ಹೋಟೆಲಿನಲ್ಲಿ ಎರಡು ಲೋಟಗಳ ಪದ್ಧತಿ ಹೋಗದಿದ್ದಾಗ, ಎಪ್ಪತ್ತರ ದಶಕದಿಂದೀಚೆಗೆ ದಲಿತ ಸಂಘಟನೆಗಳ ತರುಣರು ಗುಂಪುಕಟ್ಟಿಕೊಂಡು ಹೋಗಿ, ಬೆಂಚಿನ ಮೇಲೆ ಕುಳಿತು, ಎಲ್ಲರ ಲೋಟದಲ್ಲಿಯೇ ಕಾಫಿಯನ್ನು ಕೇಳಿ ಕುಡಿಯಬೇಕಾಯಿತು. ಮೈಸೂರಿನ ಅಶೋಕಪುರಂ ಹಿಂದೆ ಆದಿಕರ್ನಾಟಕಪುರವೆಂದು ಕರೆಸಿಕೊಂಡಿದ್ದ ಬಡಾವಣೆ; ಅಗ್ರಹಾರದ ಹೋಟೆಲುಗಳಿಂದ ಅಲ್ಲಿಗೆ ನಡೆದೇ ಹೋಗಬಹುದು. ಆ ಅಲ್ಪ ದೂರವನ್ನು ಕ್ರಮಿಸಲು ಒಂದು ಲೋಟ ಕಾಫಿಗೆ ಹಿಡಿದ ಕಾಲವನ್ನು ಸ್ಮರಿಸದೆ ಈ ಹೋಟೆಲುಗಳ ಗುಣಗಾನ ಮಾಡುವುದು ನ್ಯಾಯವಲ್ಲ. ಹೆಂಗಸರ ಪ್ರವೇಶವೂ ತಡವಾಗಿಯೇ ಆಯಿತು. ಮರದ ಹಲಗೆಯ ತಡಿಕೆ ಕಟ್ಟಿ ಪರದೆ ಇಳಿಬಿಟ್ಟ ‘ಫ್ಯಾಮಿಲಿ ರೂಮು’ಗಳಲ್ಲಿ ಅವರು ಮೊದಲು ಕುಳಿತರು, ಅಂತಹ ಗೂಡುಗಳು ಈಗಲೂ ಕೆಲವು ಹಳೆಯ ಹೋಟೆಲುಗಳಲ್ಲಿ ಅಕ್ಕಿಯ ಮೂಟೆಗಳನ್ನಿಡುವುದಕ್ಕೆ ಉಪಯೋಗವಾಗುತ್ತಿವೆ.

ಮಂಡಿ ಮೊಹಲ್ಲಾ, ಲಷ್ಕರ್ ಮೊಹಲ್ಲಾಗಳ ಚಹದ ಅಂಗಡಿಗಳದು ಬೇರೊಂದು ಪರಂಪರೆ. ಅದನ್ನು ಕುರಿತು ಪ್ರತ್ಯೇಕವಾಗಿಯೇ ಬರೆಯತಕ್ಕದ್ದು.

ಸಣ್ಣ ಹೋಟೆಲಿನ ಕಾಫಿಯ ರುಚಿಗೆ ಕಾರಣವೇನೆಂದು ಕೇಳುವವರಿಗೆ ಅದರ ಒಲೆಯ ಬಳಿ ಅರ್ಧ ಗಂಟೆ ನಿಲ್ಲುವಂತೆ ಹೇಳಬೇಕು. ಮನೆಯ ಫಿಲ್ಟರು ತೊಟ್ಟುತೊಟ್ಟಾಗಿ ಇಳಿಸುವಷ್ಟು ಹೊತ್ತು ಹೋಟೆಲಿನವನು ಕಾಯಲಾರ. ಅವನಲ್ಲಿ ಎತ್ತರವಾದ ಪಾತ್ರೆಯ ಬಾಯಿಗೆ ಕಟ್ಟಿದ ದಪ್ಪ ಬಟ್ಟೆಯ ಚೀಲವಿರುತ್ತದೆ. ಅದರಲ್ಲಿ ಪುಡಿಯನ್ನು ತುಂಬಿ, ಕುದಿಯುವುದಕ್ಕೆ ಆರಂಭವಾದ ನೀರನ್ನು ನಡುವಿನಿಂದ ಅಂಚಿನ ಕಡೆಗೆ ಸುತ್ತುತ್ತ ಹೊಯ್ಯುತ್ತಾನೆ. ಪುಡಿ ಒಮ್ಮೆ ಉಬ್ಬಿ, ಮೇಲೆ ನೊರೆ ಕಟ್ಟಿ, ಅನಂತರ ಕುಗ್ಗಿದಾಗ ಕೆಳಗೆ ಇಳಿಯುವುದು ಮೊದಲನೆಯ ಡಿಕಾಕ್ಷನ್ನು. ಅದು ಎಣ್ಣೆಯಂತೆ ದಟ್ಟವಾಗಿ ಪಾತ್ರೆಯ ಗೋಡೆಗೆ ಅಂಟುತ್ತದೆ. ಅದೇ ಪುಡಿಯ ಮೇಲೆ ಮತ್ತೆ ನೀರು ಹೊಯ್ದು ತೆಗೆಯುವುದು ಎರಡನೆಯದು. ಮೊದಲನೆಯದಕ್ಕೆ ಎರಡನೆಯದನ್ನು ಎಷ್ಟು ಬೆರೆಸಬೇಕೆಂಬುದರಲ್ಲಿ ಯಜಮಾನನ ಪ್ರಾಮಾಣಿಕತೆಯೆಲ್ಲ ಅಡಗಿದೆ. ಹೊಸ ಚೀಲಕ್ಕೆ ಬಟ್ಟೆಯ ವಾಸನೆಯಿರುವುದರಿಂದ ಅದನ್ನು ಕಾಫಿಯ ಗಸಿಯಲ್ಲಿಯೇ ಕುದಿಸಿ ಪಳಗಿಸುತ್ತಾರೆ. ಸಾಬೂನನ್ನು ಎಂದಿಗೂ ಸೋಕಿಸುವುದಿಲ್ಲ. ಪಕ್ಕದಲ್ಲಿ ಇದ್ದಲಿನ ಮೇಲೆ ಕುಳಿತ ಹಿತ್ತಾಳೆಯ ಬಾಯ್ಲರಿನ ಆವಿಯಲ್ಲಿ ಹಾಲು ಬಿಸಿಯಾಗಿಯೇ ಇರುತ್ತದೆ. ಸಕ್ಕರೆ ಮೊದಲು, ಡಿಕಾಕ್ಷನ್ ಆಮೇಲೆ, ಹಾಲು ಕೊನೆಗೆ. ಒಂದು ಕೈಯನ್ನು ತಲೆಯ ಮಟ್ಟಕ್ಕೆತ್ತಿ ಇನ್ನೊಂದನ್ನು ಸೊಂಟದ ಮಟ್ಟಕ್ಕಿಳಿಸಿ ಎರಡು ಬಾರಿ ಎರೆದು ಎತ್ತಿದರೆ ಸಕ್ಕರೆ ಕರಗುತ್ತದೆ, ಹಾಲು ಬೆರೆಯುತ್ತದೆ, ನೊರೆ ಏಳುತ್ತದೆ, ಬಾಯಿ ಸುಡದಷ್ಟು ತಣಿಯುತ್ತದೆ. ಒಂದೇ ಚಲನೆಯಲ್ಲಿ ನಾಲ್ಕು ಕಾರ್ಯಗಳು ಮುಗಿಯುವ ಈ ವಿದ್ಯೆಯಲ್ಲಿ ಪ್ರದರ್ಶನದ ಉದ್ದೇಶ ಲೇಶವೂ ಇಲ್ಲ.

ಪುಡಿಯ ವಿಚಾರದಲ್ಲಿಯೂ ಎರಡು ಮಾತುಗಳನ್ನು ಹೇಳಬೇಕು. ಹಿಂದೆ ಸಂಪನ್ನ ಮನೆಗಳಲ್ಲಿ ಹಸಿಬೀಜವನ್ನೇ ತಂದು, ಬಾಣಲೆಯಲ್ಲಿ ಹುರಿದು, ಕೈಯಿಂದ ತಿರುಗಿಸುವ ಯಂತ್ರದಲ್ಲಿ ಅಂದಂದಿಗೆ ಪುಡಿ ಮಾಡಿಕೊಳ್ಳುತ್ತಿದ್ದರು. ಹೋಟೆಲಿಗೆ ಪುಡಿಯನ್ನೊದಗಿಸಲು ಮಾತ್ರ ಬೀದಿಬೀದಿಗೆ ಒಂದರಂತೆ ಹುರಿಯುವ ಅಂಗಡಿಗಳು ಹುಟ್ಟಿಕೊಂಡವು. ಸಂಜೆಯ ಹೊತ್ತು ಅವುಗಳ ಉರುಳೆ ತಿರುಗಲು ತೊಡಗಿದರೆ ಇಡೀ ಕೇರಿಗೆ ಪರಿಮಳ ಹಬ್ಬುತ್ತಿತ್ತು. ಇಷ್ಟು ಪಾಲು ಪೀಬೆರಿ, ಇಷ್ಟು ಪಾಲು ಪ್ಲಾಂಟೇಷನ್, ಕಸುವಿಗಾಗಿ ಇಷ್ಟು ರೋಬಸ್ಟ ಎಂದು ಪ್ರತಿಯೊಂದು ಹೋಟೆಲಿನವನೂ ತನ್ನದೇ ಆದ ಮಿಶ್ರಣವನ್ನು ಹೇಳಿ ಮಾಡಿಸುತ್ತಿದ್ದನು. ಇದರ ಜೊತೆಗೆ ಸೇರಿದ್ದು ಚಿಕೋರಿ. ಹುರಿದು ಪುಡಿಮಾಡಿದ ಈ ಬೇರು ಬಣ್ಣವನ್ನೂ ದಟ್ಟತನವನ್ನೂ ಕೊಡುತ್ತದೆ, ಬೆಲೆಯನ್ನು ತಗ್ಗಿಸುತ್ತದೆ. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿಯ ಅಂಶ ನೂರಕ್ಕೆ 51ಕ್ಕಿಂತ ಕಡಿಮೆಯಿರಕೂಡದೆಂದು ಕಾನೂನು ವಿಧಿಸಿದೆ. ಶುದ್ಧಕಾಫಿಯ ಉಪಾಸಕರು ಚಿಕೋರಿಯನ್ನು ಕಲಬೆರಕೆಯೆಂದು ಜರಿಯುತ್ತಾರೆ. ನಾನು ಹಾಗೆ ಜರಿಯಲಾರೆ. ಗಾಡಿ ಹೊಡೆಯುವವನ ಜೇಬಿಗೂ ಕಾಫಿ ಎಟಕುವಂತಾದದ್ದು ಆ ಬೇರಿನಿಂದಲೇ. ಮೇಲಾಗಿ ಹಾಲಿನ ಕೆಳಗೆ ಕಳೆದುಹೋಗದೆ ನಿಲ್ಲುವ ಕಟುವಾದ ಹಿಂದುರುಚಿ ಚಿಕೋರಿಯಿಲ್ಲದ ಪುಡಿಯಲ್ಲಿ ದೊರೆಯುವುದಿಲ್ಲ.

ಇತ್ತ ದೊಡ್ಡ ಜಗತ್ತಿನಲ್ಲಿ ನಡೆಯುತ್ತಿದ್ದ ಸಂಗತಿಗಳೂ ಈ ಒಲೆಯನ್ನು ತಲುಪಿದವು. 1930ರ ಆರ್ಥಿಕ ಕುಸಿತದಲ್ಲಿ ಕಾಫಿಯ ಬೆಲೆ ನೆಲಕಚ್ಚಿದಾಗ ತೋಟಗಾರರ ರಕ್ಷಣೆಗಾಗಿ 1935ರಲ್ಲಿ ಕಾಫಿ ಸೆಸ್ ಕಾಯಿದೆಯಾಯಿತು. ದೇಶದೊಳಗೇ ಕಾಫಿಯ ರುಚಿಯನ್ನು ಹಬ್ಬಿಸಬೇಕೆಂದು ಮರುವರ್ಷ ಮುಂಬಯಿಯ ಚರ್ಚ್‌ಗೇಟಿನಲ್ಲಿ ಮೊದಲ ಇಂಡಿಯಾ ಕಾಫಿ ಹೌಸು ತೆರೆಯಿತು. ಎರಡನೆಯ ಮಹಾಯುದ್ಧವು ಯೂರೋಪಿನ ಪೇಟೆಗಳನ್ನು ಮುಚ್ಚಿದಾಗ, ಅದುವರೆಗೆ ಹಡಗನ್ನೇರುತ್ತಿದ್ದ ಒಳ್ಳೆಯ ಕಾಳಿಗೆ ನಾಡಿನ ಗಿರಾಕಿಯೇ ಗತಿಯಾದನು. 1942ರ ಕಾಯಿದೆಯಿಂದ ಕಾಫಿ ಬೋರ್ಡು ಬಲಗೊಂಡು, ಬೆಳೆಗಾರರೆಲ್ಲರ ಬೀಜವನ್ನೂ ಒಂದೆಡೆ ಕೂಡಿಹಾಕಿ ಹರಾಜು ಹಾಕುವ ಪದ್ಧತಿ ನೆಲೆಗೊಂಡಿತು. ಬೋರ್ಡು ಕಾಫಿ ಹೌಸುಗಳನ್ನು ಮುಚ್ಚಹೊರಟಾಗ ಎ. ಕೆ. ಗೋಪಾಲನ್ ಅವರ ಪ್ರೇರಣೆಯಿಂದ ನೌಕರರು ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಅವುಗಳಲ್ಲಿ ಮೊದಲನೆಯದು 1957ರಲ್ಲಿ ಬೆಂಗಳೂರಿನಲ್ಲಿಯೇ ಆರಂಭವಾಯಿತು. ರುಮಾಲು ಕಟ್ಟಿದ ಪರಿಚಾರಕರ ಆ ಕಾಫಿ ಹೌಸುಗಳನ್ನು ಕುರಿತು ಲೇಖಕರೂ ರಾಜಕಾರಣಿಗಳೂ ಧಾರಾಳವಾಗಿ ಬರೆದಿದ್ದಾರೆ. ಗಲ್ಲಿಯ ಹೋಟೆಲಿನಲ್ಲಿ ಕುಳಿತು ಬರೆದವರು ಕಡಿಮೆ, ಏಕೆಂದರೆ ಅಲ್ಲಿ ಬಹಳ ಹೊತ್ತು ಕುಳಿತರೆ ಕಾದು ನಿಂತವರ ನೋಟವೇ ಎಬ್ಬಿಸುತ್ತದೆ. ಮೈಸೂರಿನ ಆರ್. ಕೆ. ನಾರಾಯಣರು ಮಾತ್ರ ತಮ್ಮ ಕಲ್ಪನೆಯ ಊರಿನಲ್ಲಿ ಹೆಸರುಹಲಗೆಯೇ ಇಲ್ಲದ ಹೋಟೆಲೊಂದನ್ನಿಟ್ಟು ಅದಕ್ಕೊಂದು ಶಾಶ್ವತಸ್ಥಾನವನ್ನು ಕಲ್ಪಿಸಿದರು.

ಅಂತಹ ಹಲಗೆಯಿಲ್ಲದ ಹೋಟೆಲುಗಳು ಮೈಸೂರಿನಲ್ಲಿ ಇನ್ನೂ ಉಳಿದಿವೆ. ಸಂತೆಪೇಟೆಯ ಕಾಳುಕಡ್ಡಿಯ ಮಂಡಿಗಳ ನಡುವೆ, ಶಿವರಾಂಪೇಟೆಯ ಅಡ್ಡರಸ್ತೆಗಳಲ್ಲಿ, ಅಗ್ರಹಾರದಿಂದ ನಂಜುಮಳಿಗೆಗೆ ಹೋಗುವ ದಾರಿಯ ಹಂಚಿನ ಮನೆಗಳ ಮುಂಭಾಗದಲ್ಲಿ, ಒಂಟಿಕೊಪ್ಪಲಿನ ದೇವಸ್ಥಾನದ ಸಮೀಪದಲ್ಲಿ ಕಣ್ಣಿಟ್ಟು ನೋಡಿದವರಿಗೆ ಅವು ಗೋಚರವಾಗುತ್ತವೆ. ಹುಡುಕುವವರು ಹಲಗೆಯನ್ನು ನೋಡಬಾರದು, ಬಾಗಿಲ ಮುಂದೆ ಲೋಟ ಹಿಡಿದು ನಿಂತವರನ್ನು ನೋಡಬೇಕು. ಒಂದೊಂದು ಹೋಟೆಲಿಗೂ ಒಂದೊಂದು ಹೊತ್ತಿನ ಜನ. ದೇವರಾಜ ಮಾರುಕಟ್ಟೆಯ ಮಗ್ಗುಲಿನಲ್ಲಿ ಬೆಳಗಿನ ಝಾವ ಹೂವಿನ ಮೂಟೆಗಳನ್ನಿಳಿಸಿದವರು, ವೀಳ್ಯದೆಲೆಯ ಪಿಂಡಿಗಳನ್ನು ಎಣಿಸಿಕೊಟ್ಟವರು ಮೊದಲ ಕಾಫಿಯ ಅಧಿಕಾರಿಗಳು; ಅವರ ಬೆನ್ನಿಗೆ ಪತ್ರಿಕೆ ಹಂಚುವವರು; ಬೆಳಕು ಹರಿದ ಮೇಲೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆದು ಬಂದ ನಿವೃತ್ತರು. ಈ ನಿವೃತ್ತರ ಗೋಷ್ಠಿಯಲ್ಲಿ ‘ಬೈಟು’ ಹೇಳುವುದೇ ವಾಡಿಕೆ. ಒಂದು ಕಾಫಿಯನ್ನು ಇಬ್ಬರು ಹಂಚಿಕೊಳ್ಳುವುದು ಲೋಭವೆಂದು ಹೊರಗಿನವರು ತಿಳಿದಾರು. ವಾಸ್ತವವಾಗಿ ಒಂದನ್ನು ಹಂಚಿಕೊಂಡವರು ಅರ್ಧ ಗಂಟೆಯ ಮೇಲೆ ಇನ್ನೊಂದನ್ನು ಹಂಚಿಕೊಳ್ಳುವುದಕ್ಕಾಗಿಯೇ ಹಾಗೆ ಮಾಡುತ್ತಾರೆ. ಮಾತು ಮುಂದುವರಿಯಬೇಕು, ಕಾಫಿ ಬಿಸಿಯಾಗಿಯೂ ಇರಬೇಕು. ಈ ಎರಡನ್ನೂ ಸಾಧಿಸಲು ಇದಕ್ಕಿಂತ ಸುಲಭವಾದ ಉಪಾಯವಿಲ್ಲ. ಅದಕ್ಕೆ ಮುಖವನ್ನು ಗಂಟಿಕ್ಕದ ಯಜಮಾನನೇ ಒಳ್ಳೆಯ ಯಜಮಾನ.

ಹೀಗಿದ್ದರೂ ಇಂತಹ ಹೋಟೆಲುಗಳು ಒಂದೊಂದಾಗಿ ಅಳಿಯುತ್ತಿವೆ; ಅದಕ್ಕೆ ಕಾರಣಗಳು ಕಾಫಿಯಲ್ಲಿಲ್ಲ. 1996ರಲ್ಲಿ ಬೀಜದ ಮಾರಾಟ ಸಂಪೂರ್ಣವಾಗಿ ಮುಕ್ತವಾದ ಮೇಲೆ ಒಳ್ಳೆಯ ಪುಡಿ ಹಿಂದಿಗಿಂತ ಸುಲಭವಾಗಿಯೇ ದೊರೆಯುತ್ತಿದೆ. ಕಷ್ಟವಿರುವುದು ಕಟ್ಟಡದಲ್ಲಿ ಮತ್ತು ಉತ್ತರಾಧಿಕಾರದಲ್ಲಿ. ಹಳೆಯ ಬಾಡಿಗೆಯ ಮೇಲೆ ನಡೆಯುತ್ತಿದ್ದ ಅಂಗಡಿ, ಕಟ್ಟಡದ ಮಾಲೀಕರ ಮಕ್ಕಳು ಪಾಲಾದ ದಿನವೇ ಮುಗಿಯಿತು. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಪ್ರಾಣಹಾನಿಯಾಯಿತು. 2016ರಲ್ಲಿ ದೇವರಾಜ ಮಾರ್ಕೆಟ್ಟಿನ ಉತ್ತರದ ಹೆಬ್ಬಾಗಿಲು ಬಿದ್ದಿತು. ಹಳೆಯ ಕಟ್ಟಡಗಳನ್ನು ಉಳಿಸಬೇಕೇ ಕೆಡವಬೇಕೇ ಎಂಬ ವಿವಾದದಲ್ಲಿ ಅವುಗಳ ಮರೆಯಲ್ಲಿ ಬದುಕುತ್ತಿರುವ ಒಲೆಗಳ ಮಾತನ್ನೆತ್ತಿದವರು ವಿರಳ. ಯಜಮಾನರ ಮಕ್ಕಳಾದರೋ ಓದಿ ಬೇರೆ ಉದ್ಯೋಗ ಹಿಡಿದಿದ್ದಾರೆ. ಹಿಡಿಯಲಿ, ತಂದೆ ಪಟ್ಟ ಪಾಡು ಮಗನಿಗೆ ಬೇಡವೆಂಬುದು ಯೋಗ್ಯವಾದ ಆಸೆಯೇ. ಈಗ ಒಲೆಯ ಮುಂದೆ ನಿಂತವರಲ್ಲಿ ಕುಂದಾಪುರದವರಿಗಿಂತ ಉತ್ತರ ಕರ್ನಾಟಕದವರೂ ದೂರದ ಈಶಾನ್ಯ ರಾಜ್ಯಗಳವರೂ ಹೆಚ್ಚು. ಅವರೂ ಊರು ಬಿಟ್ಟು ಬಂದವರೇ.

ನಗರದಿಂದ ಹೊರಕ್ಕೆ ಹೋದರೆ ದಾರಿಗೊಂದು ಸ್ಥಿತಿ. ನಂಜನಗೂಡಿನ ದೇವಸ್ಥಾನದ ಸುತ್ತ ಹುಣ್ಣಿಮೆ ಸೋಮವಾರಗಳ ಜಂಗುಳಿ ಇರುವಷ್ಟು ಕಾಲ ಹೋಟೆಲುಗಳಿಗೆ ಭಯವಿಲ್ಲ. ಬನ್ನೂರಿನ ದಾರಿಯಲ್ಲಿ ಸಂತೆಯ ದಿನ ಮಾತ್ರ ಒಲೆ ಉರಿಯುವ ಚಪ್ಪರಗಳುಂಟು. ಹುಣಸೂರಿನ ಕಡೆಗೆ ಸಾಗಿದಂತೆ ಡಿಕಾಕ್ಷನ್ನಿನ ಬಣ್ಣ ಬದಲಾಗುತ್ತದೆ. ಪಿರಿಯಾಪಟ್ಟಣವನ್ನು ದಾಟಿ ಕೊಡಗನ್ನು ಹೊಕ್ಕಾಗ ಹಾಲನ್ನು ಕೈಬಿಟ್ಟು ಬೆಲ್ಲವನ್ನು ಹಾಕಿದ ಕಪ್ಪು ಕಾಫಿಯೂ ಸಿಕ್ಕುತ್ತದೆ. ಹೋಟೆಲಿನ ಕಾಫಿಗಿಂತ ಹಳೆಯದು ಆ ಬೆಲ್ಲದ ಕಾಫಿ. ತೋಟದ ಆಳಿನ ಮನೆಯಲ್ಲಿಯೂ ಧಣಿಯ ಮನೆಯಲ್ಲಿಯೂ ಅದು ಒಂದೇ ಬಗೆಯದು. ಅತ್ಯಂತ ದೊಡ್ಡ ಪೆಟ್ಟು ಬಿದ್ದಿರುವುದು ಬೆಂಗಳೂರಿನ ಹಳೆಯ ರಸ್ತೆಗೆ. 2023ರ ಮಾರ್ಚಿನಲ್ಲಿ ಉದ್ಘಾಟನೆಗೊಂಡ ಹೊಸ ಹೆದ್ದಾರಿಯು ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಬಳಸಿಕೊಂಡು ಹೋಗುವುದರಿಂದ, ಬಸ್ಸು ಕಾರುಗಳಿಗಾಗಿಯೇ ಬೆಳೆದಿದ್ದ ದೊಡ್ಡ ಹೋಟೆಲುಗಳು ಗಿರಾಕಿಗಳಿಲ್ಲದೆ ಬಡವಾದವು. ಆದರೆ ಅವುಗಳ ಹಿಂದಿನ ಬೀದಿಯಲ್ಲಿದ್ದ ಸಣ್ಣ ಹೋಟೆಲುಗಳು ಅಷ್ಟಾಗಿ ನೊಂದಿಲ್ಲ. ಅವು ಹಾದುಹೋಗುವವರನ್ನು ನಂಬಿದವುಗಳಲ್ಲ. ಆಲೆಮನೆಯಿಂದ ಬಂದ ರೈತ, ಶಾಲೆಯ ಮೇಷ್ಟ್ರು, ತಾಲ್ಲೂಕು ಕಚೇರಿಯ ಅರ್ಜಿ ಬರೆಯುವವನು ಹಿಂದೆ ಬರುತ್ತಿದ್ದ ಹೊತ್ತಿಗೇ ಈಗಲೂ ಬರುತ್ತಾರೆ, ಮಧ್ಯಾಹ್ನ ಒಂದಕ್ಕೆ ಮುಚ್ಚಿದ ಬಾಗಿಲು ಮೂರೂವರೆಗೆ ತೆರೆಯುವುದೆಂಬುದು ಅವರಿಗೆ ಗೊತ್ತಿದೆ.